ಆಧಾರ ಕಳಚುವ ಹೊತ್ತು

ಜೆರುಸಲೇಮಿನ ಮಹಾದೇವಾಲಯದ ಸುಂದರ ದ್ವಾರದ ಬಳಿ ಭಿಕ್ಷೆಗೆ ಕುಳಿತಿದ್ದ ಹುಟ್ಟುಕುಂಟನ ಪ್ರಸಂಗವನ್ನು ನಾವೆಲ್ಲರೂ ಬಲ್ಲೆವು. ಪ್ರೇಷಿತರ ಕಾರ್ಯಕಲಾಪಗಳ ಮೂರನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಪೇತ್ರನು ಅವನ ಬಲಗೈ ಹಿಡಿದು ಎತ್ತಿದಾಗ ಅವನ ಪಾದಗಳು ಮಾತ್ರವಲ್ಲ, ಪಾದದ ಹರಡುಗಳೂ ಬಲಗೊಂಡವೆಂದು ಸಂತ ಲೂಕರು ಬರೆಯುತ್ತಾರೆ. ಪರಂಪರೆ ಅವರನ್ನು ವೈದ್ಯರೆಂದು ಕರೆದಿದೆ. ಹರಡನ್ನು ಅವರು ಮರೆಯಲಿಲ್ಲ. ವರ್ಷವರ್ಷವೂ ಬಲಿಪೂಜೆಯಲ್ಲಿ ಈ ವಾಚನವನ್ನು ಕೇಳಿದ ನನಗೆ ಆ ಒಂದು ಪದ ಕಣ್ಣಿಗೆ ಬಿದ್ದದ್ದು ನನ್ನ ಹರಡು ಮುರಿದ ಮೇಲೆಯೇ.

ವೈಟ್‌ಫೀಲ್ಡ್ ಎಂದೊಡನೆ ಇಂದು ನೆನಪಾಗುವುದು ಗಾಜಿನ ಕಟ್ಟಡಗಳು, ವಾಹನಗಳ ಸಾಲು. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ನರ ನೆಲೆಗಾಗಿ ಭೂಮಿ ಕೊಟ್ಟಾಗ ಇದು ಬರಿಯ ಹಳ್ಳಿಗಾಡು. 2023ರಲ್ಲಿ ಮೆಟ್ರೊ ರೈಲು ಕಾಡುಗೋಡಿಯವರೆಗೂ ಬಂದಿತು. ಕಾಲ್ನಡಿಗೆಯವರ ಪಾಡು ಮಾತ್ರ ಅಷ್ಟು ಸುಧಾರಿಸಿಲ್ಲ. ಮಳೆಗಾಲದ ಒಂದು ಸಂಜೆ ಹಾಸಿಗೆ ಹಿಡಿದ ವೃದ್ಧೆಯೊಬ್ಬರಿಗೆ ಪರಮಪ್ರಸಾದ ನೀಡಿ ಹಿಂತಿರುಗುತ್ತಿದ್ದೆ. ನೀರು ನಿಂತಿದ್ದ ಕಡೆ ಸಡಿಲವಾಗಿದ್ದ ಚಪ್ಪಡಿಯೊಂದು ಕಾಲಡಿಯಲ್ಲಿ ಮಗುಚಿತು. ಎದ್ದು ನಿಲ್ಲಲು ನೋಡಿದರೆ ಪಾದ ನನ್ನ ಮಾತು ಕೇಳಲಿಲ್ಲ.

ಹರಡಿನ ಒಳಗಿಣ್ಣು ಮುರಿದು ಎರಡು ತುಂಡಾಗಿತ್ತು. ಅದಲ್ಲದೆ, ಮೊಣಕಾಲಿನಿಂದ ಪಾದದವರೆಗೆ ಜೋಡಿಯಾಗಿ ಇಳಿಯುವ ದಪ್ಪ ಎಲುಬನ್ನೂ ತೆಳು ಎಲುಬನ್ನೂ ಕೆಳತುದಿಯಲ್ಲಿ ಬಿಗಿದಿರುವ ತಂತುಗಳು ಹರಿದಿದ್ದವು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಒಳಗಿಣ್ಣಿನ ತುಂಡುಗಳನ್ನು ಸ್ಕ್ರೂಗಳಿಂದ ಬಿಗಿದರು. ಕೀಲಿನಿಂದ ಸ್ವಲ್ಪ ಮೇಲಕ್ಕೆ, ತೆಳು ಎಲುಬಿನಿಂದ ದಪ್ಪ ಎಲುಬಿಗೆ ಅಡ್ಡಲಾಗಿ ಇನ್ನೊಂದು ಸ್ಕ್ರೂ ಹಾಯಿಸಿದರು. ಎಕ್ಸ್‌ರೇ ತೋರಿಸುತ್ತಾ ಅವರು ನಕ್ಕು ಹೇಳಿದರು: “ಒಳಗಿಣ್ಣಿನವು ನಿಮ್ಮೊಂದಿಗೆ ಸಮಾಧಿಯವರೆಗೆ ಬಂದರೂ ಚಿಂತೆಯಿಲ್ಲ, ಫಾದರ್. ಆದರೆ ಈ ಅಡ್ಡದ್ದು ಅತಿಥಿ. ಮೂರು ತಿಂಗಳಾದ ಮೇಲೆ ಅದನ್ನು ಕಳುಹಿಸಿಕೊಡೋಣ.”

ಒಂದೇ ಲೋಹ, ಒಂದೇ ಕೈಚಳಕ. ಒಂದಕ್ಕೆ ಶಾಶ್ವತ ನೆಲೆ, ಇನ್ನೊಂದಕ್ಕೆ ಬೀಳ್ಕೊಡುಗೆ. ಏಕೆ? ಅವರ ವಿವರಣೆ ಸರಳವಾಗಿತ್ತು. ಒಳಗಿಣ್ಣು ಮೂಲತಃ ಒಂದೇ ಎಲುಬು. ಮುರಿದ ತುಂಡುಗಳು ಮತ್ತೆ ಒಂದಾಗಿ ಅಲುಗದೆ ಇರುವುದೇ ಅದರ ಆರೋಗ್ಯ. ಅಲ್ಲಿ ಸ್ಕ್ರೂ ಇದ್ದರೂ ಅಡ್ಡಿಯಿಲ್ಲ. ಆದರೆ ದಪ್ಪ ಎಲುಬು, ತೆಳು ಎಲುಬು ಎರಡು ಬೇರೆ ಎಲುಬುಗಳು. ನಾವು ಹೆಜ್ಜೆ ಇಡುವಾಗ, ಪಾದ ಮೇಲಕ್ಕೆ ಮಣಿದಾಗ, ಅವು ಒಂದಿಷ್ಟೇ ಅಗಲಿ ಮತ್ತೆ ಕೂಡುತ್ತವೆ. ಆ ಕಿಂಚಿತ್ ಚಲನೆಯಿಂದಲೇ ನಡಿಗೆ ಸರಾಗವಾಗುತ್ತದೆ. ತಂತುಗಳು ಮಾಯುವವರೆಗೆ ಅವನ್ನು ಹಿಡಿದಿಡಬೇಕು. ಮಾಯುವ ಮೊದಲೇ ಸ್ಕ್ರೂ ತೆಗೆದರೆ ಅವು ಮತ್ತೆ ಬಾಯ್ದೆರೆಯಬಹುದು. ಮಾಯ್ದ ಮೇಲೂ ಬಿಟ್ಟು ನಡೆದಾಡಿದರೆ ಸ್ಕ್ರೂ ಸಡಿಲಾಗಬಹುದು, ಒಳಗೇ ಮುರಿಯಲೂಬಹುದು.

ಮೂರು ತಿಂಗಳು ಕಳೆದವು. ನನಗೋ ಭಯ. ಊರುಗೋಲನ್ನು ಬಿಟ್ಟು ಪೀಠದ ಮೆಟ್ಟಿಲೇರಿದ್ದು ಆ ಸ್ಕ್ರೂವಿನ ದಯೆಯಿಂದ ಎಂಬ ಭಾವನೆ ಮನಸ್ಸಿನಲ್ಲಿ ಬೇರೂರಿತ್ತು. “ಇರಲಿ ಬಿಡಿ, ನೋವೇನೂ ಇಲ್ಲವಲ್ಲ” ಎಂದು ದಿನ ಮುಂದೂಡುತ್ತಿದ್ದೆ.

ಆ ದಿನಗಳಲ್ಲಿಯೇ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ನನ್ನನ್ನು ಕಾಣಲು ಬಂದ. ಅವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಹೇಳುತ್ತೇನೆ. ಕಂಪನಿಯ ಉದ್ಯೋಗ ಕಳೆದುಕೊಂಡು, ಮನೆಸಾಲದ ಕಂತು ಕಟ್ಟಲಾಗದೆ, ಕುಡಿತಕ್ಕೆ ಇಳಿದಿದ್ದವನು ಅವನು. ಊರಿನಲ್ಲಿ ನಿವೃತ್ತ ಉಪಾಧ್ಯಾಯರಾಗಿದ್ದ ತಂದೆ ಓಡಿ ಬಂದರು. ತೋಟ ಮಾರಿದ ಹಣ ತಂದರು, ಮಗನ ಬ್ಯಾಂಕ್ ಖಾತೆಯನ್ನು ತಮ್ಮ ಕೈಗೆ ತೆಗೆದುಕೊಂಡರು, ರಾತ್ರಿ ಬಾಗಿಲಿನ ಬೀಗವನ್ನು ತಾವೇ ಹಾಕಿದರು. ಅವರು ಬಾರದೆ ಹೋಗಿದ್ದರೆ ಆ ಸಂಸಾರ ಉಳಿಯುತ್ತಿರಲಿಲ್ಲ. ಈಗ ಮಗ ಕುಡಿತ ಬಿಟ್ಟು ನಾಲ್ಕು ವರ್ಷ, ಕೆಲಸವೂ ಇದೆ. ಆದರೆ ಖಾತೆ ಇನ್ನೂ ತಂದೆಯ ಕೈಯಲ್ಲೇ, ಬೀಗವೂ ಅವರ ಕೈಯಲ್ಲೇ. ಮಗುವಿನ ಶಾಲೆಯ ಶುಲ್ಕಕ್ಕೂ ಸೊಸೆ ಮಾವನನ್ನು ಕೇಳಬೇಕು. “ಅಪ್ಪನಿಗೆ ಸಾಕು ಎನ್ನುವುದು ಕೃತಘ್ನತೆಯಲ್ಲವೇ, ಫಾದರ್? ನಾಲ್ಕನೆಯ ಆಜ್ಞೆಗೆ ವಿರುದ್ಧವಲ್ಲವೇ?” ಎಂದು ಕೇಳಿದ.

ತಂದೆತಾಯಿಯನ್ನು ಗೌರವಿಸಬೇಕು, ತಾಳ್ಮೆ ಬೇಕು ಎಂದು ಹೇಳಿ ಕಳುಹಿಸಿದೆ. ಉತ್ತರದಲ್ಲಿ ತಪ್ಪು ಪದವೊಂದೂ ಇರಲಿಲ್ಲ. ಆದರೂ ಅದು ಅವನಿಗೆ ಸಲ್ಲಬೇಕಾದ ಉತ್ತರವಾಗಿರಲಿಲ್ಲ. ಆ ರಾತ್ರಿ ನನ್ನ ಎಕ್ಸ್‌ರೇಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದಾಗ ನನಗೆ ನಾಚಿಕೆಯಾಯಿತು.

ಒಂದು ಆಧಾರ ಒಳ್ಳೆಯದೇ ಕೆಟ್ಟದೇ ಎಂದು ಕೇಳುವುದು ಸಾಲದು. ಅದು ಹಿಡಿದಿರುವುದು ಒಂದೇ ಎಲುಬನ್ನೋ, ಎರಡು ಎಲುಬುಗಳನ್ನೋ ಎಂದು ಕೇಳಬೇಕು. ಪತಿಪತ್ನಿಯರು ಒಂದೇ ಶರೀರವೆಂದು ಆದಿಕಾಂಡ ಸಾರುತ್ತದೆ. ಅಲ್ಲಿ ಆದಾಮನು ಹೆಣ್ಣನ್ನು ತನ್ನ ಎಲುಬಿನ ಎಲುಬೆಂದೇ ಗುರುತಿಸುತ್ತಾನೆ. ಅಲ್ಲಿ ಮಾತು ಕೊಟ್ಟು ಬಿಗಿದ ಬಂಧ ಕೊನೆಯವರೆಗೂ ಇರತಕ್ಕದ್ದು. ಆದರೆ ತಂದೆ ಮತ್ತು ಬೆಳೆದ ಮಗ, ಗುರು ಮತ್ತು ಶಿಷ್ಯ, ದಾನಿ ಮತ್ತು ದಾನ ಪಡೆದವನು, ಪಾಲಕ ಗುರು ಮತ್ತು ಅವನ ವಿಶ್ವಾಸಿಗಳು — ಇವರು ಪಕ್ಕಪಕ್ಕದಲ್ಲಿ ನಿಂತು ಒಂದೇ ಭಾರ ಹೊರುವ ಎರಡು ಎಲುಬುಗಳು. ಗಾಯವಾದಾಗ ಒಬ್ಬರನ್ನೊಬ್ಬರಿಗೆ ಬಿಗಿಯಬೇಕು. ಮಾಯ್ದ ಮೇಲೆ ಅವರ ನಡುವೆ ಒಂದಿಷ್ಟು ಅಗಲುವ ಅವಕಾಶ ಬೇಕು. ಆ ಅವಕಾಶವನ್ನು ಕೊಡುವುದು ಗೌರವಕ್ಕೆ ವಿರೋಧವಲ್ಲ, ಗೌರವದ ಮುಂದಿನ ಹೆಜ್ಜೆ.

ದೇವರೇ ಕೊಟ್ಟ ಆಧಾರಕ್ಕೂ ಈ ಮಾತು ಸಲ್ಲುತ್ತದೆ. ಮರುಭೂಮಿಯಲ್ಲಿ ಹಾವು ಕಚ್ಚಿದವರು ನೋಡಿ ಬದುಕಲೆಂದು ಮೋಶೆ ಕಂಚಿನ ಸರ್ಪವನ್ನು ಮಾಡಿಸಿದ್ದು ದೇವರ ಅಪ್ಪಣೆಯಿಂದ. ಅದು ಪ್ರಾಣ ಉಳಿಸಿತು. ಆದರೆ ಶತಮಾನಗಳು ಕಳೆದರೂ ಜನರು ಅದನ್ನು ಬಿಡಲಿಲ್ಲ. ಅದಕ್ಕೆ ಧೂಪಾರತಿ ಎತ್ತತೊಡಗಿದರು. ಅರಸ ಹಿಜ್ಕೀಯನು ಅದನ್ನು ಒಡೆದು ಚೂರುಮಾಡಿದನೆಂದು ಅರಸರ ಎರಡನೆಯ ಗ್ರಂಥ ಹೇಳುತ್ತದೆ, ಅದಕ್ಕಾಗಿ ಅವನನ್ನು ಹೊಗಳುತ್ತದೆ. ಗುಣಪಡಿಸಿದ ವಸ್ತುವೇ, ಕಾಲ ಮೀರಿ ಉಳಿದಾಗ, ಗುಣಪಡಿಸಿದಾತನನ್ನು ಮರೆಮಾಡಿತ್ತು.

ಹಾಗೆಂದು ಎಲ್ಲ ಆಧಾರಗಳನ್ನೂ ಕಿತ್ತೊಗೆಯಲು ಹೊರಡಬಾರದು. ತೆಗೆಯುವುದೂ ಒಂದು ಶಸ್ತ್ರಚಿಕಿತ್ಸೆಯೇ. ಅದಕ್ಕೂ ಸೋಂಕಿನ ಅಪಾಯವಿದೆ, ಖರ್ಚಿದೆ, ದಿನಗೂಲಿಯವನಿಗೆ ಕೂಲಿಯ ನಷ್ಟವಿದೆ. ನೆದರ್ಲೆಂಡ್ಸಿನ ವೈದ್ಯರು ಇಂತಹ ಅಡ್ಡ ಸ್ಕ್ರೂಗಳ ಬಗ್ಗೆಯೇ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವು, ಎಲ್ಲರಿಂದಲೂ ವಾಡಿಕೆಯಂತೆ ತೆಗೆಯುವುದಕ್ಕಿಂತ ತೊಂದರೆ ಕೊಟ್ಟವರಿಂದ ಮಾತ್ರ ತೆಗೆದರೂ ನಡಿಗೆಯ ಫಲದಲ್ಲಿ ಕೊರತೆಯಾಗದೆಂದು ತೋರಿಸಿತು. ಒಳಗೇ ಮುರಿದ ಸ್ಕ್ರೂ ಹೊತ್ತು ನೋವಿಲ್ಲದೆ ನಡೆಯುವವರೂ ಇದ್ದಾರೆ. ನನ್ನ ಪಾದ ಮಾತ್ರ ಮೇಲಕ್ಕೆ ಸರಿಯಾಗಿ ಮಣಿಯುತ್ತಿರಲಿಲ್ಲ. ನೋವಿಲ್ಲವೆಂಬ ನೆಪದಲ್ಲಿ ಅದನ್ನು ಮುಚ್ಚಿಟ್ಟಿದ್ದೆ. 1957ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್ ಅವರು ವೈದ್ಯರನ್ನುದ್ದೇಶಿಸಿ ಮಾತನಾಡುತ್ತಾ, ತನಗಾಗಲಿ ಇತರರಿಗಾಗಲಿ ಅತಿಭಾರವಾಗುವ ಚಿಕಿತ್ಸೆಗೆ ಯಾರೂ ಬದ್ಧರಲ್ಲ, ವ್ಯಕ್ತಿ, ಸ್ಥಳ, ಕಾಲಗಳನ್ನು ನೋಡಿ ತೂಗಬೇಕೆಂದು ಬೋಧಿಸಿದರು. ಹೀಗೆ ತೂಗುವ ಕೆಲಸ ಮೊದಲಿಗೆ ಕಾಲು ಯಾರದೋ ಅವರಿಗೆ ಸೇರಿದ್ದು.

ತೆಗೆಯುವ ಉದ್ದೇಶವನ್ನೂ ಪರೀಕ್ಷಿಸಿಕೊಳ್ಳಬೇಕು. ಲೊಯೋಲದ ಸಂತ ಇಗ್ನೇಷಿಯಸರ ಬಲಗಾಲು 1521ರ ಮೇ 20ರಂದು ಪಾಂಪ್ಲೋನದ ಕದನದಲ್ಲಿ ಫಿರಂಗಿ ಗುಂಡಿನಿಂದ ಮುರಿಯಿತು. ಸರಿಯಾಗಿ ಕೂಡದ ಎಲುಬನ್ನು ಮತ್ತೆ ಮುರಿದು ಕೂಡಿಸಿದರು. ಆದರೂ ಮೊಣಕಾಲಿನ ಕೆಳಗೆ ಎಲುಬೊಂದು ಉಬ್ಬಿ ನಿಂತಿತು. ಬಿಗಿಯಾದ ಚೆಂದದ ಬೂಟು ಧರಿಸಲಾಗದಲ್ಲಾ ಎಂಬ ಒಂದೇ ಚಿಂತೆಗೆ ಆ ಎಲುಬನ್ನು ಗರಗಸದಿಂದ ಕೊಯ್ಯಿಸಿಕೊಂಡರೆಂದು ಮುಪ್ಪಿನಲ್ಲಿ ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಕುಂಟು ಉಳಿಯಿತು, ಬಿಟ್ಟುಹೋದದ್ದು, ಹಾಸಿಗೆಯಲ್ಲಿ ಕ್ರಿಸ್ತಚರಿತ್ರೆಯನ್ನು ಓದುತ್ತಾ ಓದುತ್ತಾ, ಆ ಬೂಟಿನ ಆಸೆ. ಅಹಂಕಾರದಿಂದ ಆಧಾರ ಕಳಚುವ ಮಗನಿಗೂ, ನಡೆಯಲೆಂದು ಕಳಚುವ ಮಗನಿಗೂ ಇರುವ ಅಂತರ ಇದೇ.

ನಾನು ಆಸ್ಪತ್ರೆಗೆ ಹೋದೆ. ಅಡ್ಡ ಸ್ಕ್ರೂವನ್ನು ತೆಗೆದರು. ಹೊರಡುವಾಗ ವೈದ್ಯರು ಇನ್ನೊಂದು ಮಾತು ಹೇಳಿದರು: ಸ್ಕ್ರೂ ಇದ್ದ ಜಾಗದಲ್ಲಿ ರಂಧ್ರ ಉಳಿದಿರುತ್ತದೆ, ಎಲುಬು ಅದನ್ನು ನಿಧಾನವಾಗಿ ತುಂಬಿಕೊಳ್ಳುತ್ತದೆ, ಅಲ್ಲಿಯವರೆಗೆ ಓಡಬೇಡಿ, ಜಿಗಿಯಬೇಡಿ. ಈ ಎಚ್ಚರಿಕೆಯನ್ನು ನಾನು ಆ ಯುವಕನಿಗೂ ದಾಟಿಸಿದೆ. ನನ್ನ ಮೊದಲ ಉತ್ತರಕ್ಕೆ ಕ್ಷಮೆ ಕೇಳಿ, ತಂದೆಮಗನನ್ನು ಒಟ್ಟಿಗೆ ಕೂರಿಸಿ ಮಾತನಾಡಿದೆ. ಹಿರಿಯರು ಬಹಳ ಹೊತ್ತು ಮೌನವಾಗಿದ್ದರು. ಕೊನೆಗೆ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, “ಮತ್ತೆ ಬಿದ್ದರೆ?” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಮಗನಲ್ಲೂ ಇರಲಿಲ್ಲ. ಅವರು ಊರಿಗೆ ಹೋದರು. ಕೆಲವು ತಿಂಗಳು ಫೋನೂ ಇರಲಿಲ್ಲ. ಆ ರಂಧ್ರ ತುಂಬಲು ಸಮಯ ಹಿಡಿಯಿತು. ಈ ಸಲದ ಕ್ರಿಸ್ತಜಯಂತಿಗೆ ಅವರು ಅತಿಥಿಯಾಗಿ ಬಂದಿದ್ದರು; ಮೊಮ್ಮಗಳ ಕೈಹಿಡಿದು ಪೂಜೆಗೆ ನಡೆದು ಬಂದುದನ್ನು ಕಂಡೆ.

ಸುಂದರ ದ್ವಾರದ ಆ ಮನುಷ್ಯನ ಕಥೆಗೆ ಮತ್ತೆ ಬರೋಣ. ಗುಣಹೊಂದಿದ ಮೇಲೆ ಅವನು ಪೇತ್ರ ಯೊವಾನ್ನರನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದನೆಂದು ಲೂಕರು ಬರೆಯುತ್ತಾರೆ. ಅವನ ಭಯ ನನಗೀಗ ಅರ್ಥವಾಗುತ್ತದೆ. ಪೇತ್ರನು ಅವನನ್ನು ತಳ್ಳಲಿಲ್ಲ. ತನ್ನ ಸ್ವಂತ ಶಕ್ತಿಯಿಂದ ಇದಾಗಲಿಲ್ಲವೆಂದು ಹೇಳಿ ಎಲ್ಲರ ಕಣ್ಣನ್ನೂ ಕ್ರಿಸ್ತರತ್ತ ತಿರುಗಿಸಿದನು. ಮರುದಿನ ಪ್ರೇಷಿತರು ನ್ಯಾಯಸಭೆಯ ಮುಂದೆ ನಿಂತಾಗ ಅದೇ ಮನುಷ್ಯ ಅವರ ಪಕ್ಕದಲ್ಲಿದ್ದ; ಈಗ ಹಿಡಿದುಕೊಂಡಿದ್ದನೆಂದು ಬರೆದಿಲ್ಲ, ನಿಂತಿದ್ದನೆಂದಷ್ಟೇ ಬರೆದಿದೆ. ನಮ್ಮನ್ನು ಎತ್ತಿದವರ ಪಕ್ಕದಲ್ಲಿ ನಮ್ಮ ಕಾಲ ಮೇಲೆ ನಿಲ್ಲುವ ಬಲವನ್ನೂ, ನಾವು ಎತ್ತಿದವರ ಕೈಬಿಡುವ ಪ್ರೀತಿಯನ್ನೂ ಪ್ರಭು ನಮ್ಮ ಕುಟುಂಬಗಳಿಗೆ ದಯಪಾಲಿಸಲಿ.