ಪರದೆಯ ಮುಂದೆ ಸುರಿದ ಕಣ್ಣೀರು

ಮನುಷ್ಯನು ಸುಖವನ್ನು ಅರಸುತ್ತಾನೆ, ದುಃಖದಿಂದ ದೂರ ಸರಿಯುತ್ತಾನೆ ಎಂಬುದು ಎಲ್ಲರೂ ಒಪ್ಪಿದ ಮಾತು. ಆದರೆ ಹಣ ತೆತ್ತು, ಮನೆಯ ಕೆಲಸವನ್ನು ಬೇಗನೆ ಮುಗಿಸಿ, ಕತ್ತಲೆಯ ಕೊಠಡಿಯಲ್ಲಿ ಮೂರು ಗಂಟೆ ಕುಳಿತು ಅತ್ತು ಬರುವ ಜನರನ್ನು ಕಂಡಾಗ ಈ ಮಾತು ಪೂರ್ತಿ ನಿಜವೇ ಎಂಬ ಸಂದೇಹ ಹುಟ್ಟುತ್ತದೆ. ನಿಮ್ಮ ಮನಸ್ಸಿಗೆ ಹಿಡಿಸಿದ ಚಲನಚಿತ್ರ ಯಾವುದೆಂದು ನಾಲ್ವರು ಗೃಹಸ್ಥರನ್ನು ಕೇಳಿನೋಡಿರಿ. ಅವರಲ್ಲಿ ಇಬ್ಬರಾದರೂ ತಮ್ಮನ್ನು ನಗಿಸಿದ ಚಿತ್ರವನ್ನಲ್ಲ, ಎದೆಯನ್ನು ಹಿಂಡಿ ಆ ರಾತ್ರಿಯ ನಿದ್ರೆಯನ್ನು ಕಸಿದುಕೊಂಡ ಚಿತ್ರವನ್ನೇ ಹೆಸರಿಸುವರು. ಇದೇಕೆ? ಹೀಗೆ ಸುರಿದ ಕಣ್ಣೀರಿಗೆ ಧರ್ಮದ ತಕ್ಕಡಿಯಲ್ಲಿ ಏನಾದರೂ ತೂಕವುಂಟೆ?

ಇದು ಸಿನಿಮಾದೊಡನೆ ಹುಟ್ಟಿದ ಪ್ರಶ್ನೆಯಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಸೀಮೆಯಲ್ಲಿ ಸುಗ್ಗಿ ಮುಗಿದ ಗದ್ದೆಗಳಲ್ಲಿ ಯಕ್ಷಗಾನದ ಮೇಳಗಳು ಹರಿಶ್ಚಂದ್ರನ ಕಥೆಯನ್ನು ಆಡುವಾಗ, ಚಂದ್ರಮತಿಯು ಮಗನ ಹೆಣವನ್ನು ಹೊತ್ತು ಸುಡುಗಾಡಿಗೆ ಬರುವ ಹೊತ್ತಿಗೆ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಆ ಕಥೆಯನ್ನು ಕನ್ನಡದ ಕಣ್ಣೀರಾಗಿಸಿದವನು ನಮ್ಮವನೇ ಆದ ರಾಘವಾಂಕ. ಹಂಪೆಯ ಆ ಕವಿಯ ಹರಿಶ್ಚಂದ್ರನು 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ, ರಾಜಕುಮಾರರ ರೂಪದಲ್ಲಿ ಬೆಳ್ಳಿಯ ಪರದೆಗೂ ಬಂದನು. ಕರುಣವೊಂದೇ ಮೂಲರಸವೆಂಬ ಮತವನ್ನು ಭವಭೂತಿಯು ಉತ್ತರರಾಮಚರಿತದಲ್ಲಿ ಎತ್ತಿಹಿಡಿದಿದ್ದಾನೆ. ದುಃಖದ ದೃಶ್ಯವು ಚಿತ್ತವನ್ನು ಕರಗಿಸಿ ಶುದ್ಧಿಗೊಳಿಸುತ್ತದೆಂದು ಗ್ರೀಕರ ಅರಿಸ್ಟಾಟಲನು ವಾದಿಸಿದನು. ಇವೆರಡೂ ಸತ್ಯವೇ ಇರಬಹುದು. ಗಟ್ಟಿಯಾದ ನೆಲದಲ್ಲಿ ಬೀಜ ಮೊಳೆಯದು. ಕರಗದ ಮನಸ್ಸಿನಲ್ಲಿ ದಯೆ ಹುಟ್ಟದು.

ಆದರೆ ಕರಗಿದ್ದೆಲ್ಲವೂ ದಯೆಯೆ? ನಾಲ್ಕನೆಯ ಶತಮಾನದಲ್ಲಿ ಹುಟ್ಟಿದ ಕ್ರೈಸ್ತಸಂತ ಅಗಸ್ಟೀನನು ತನ್ನ ಯೌವನವನ್ನು ನೆನೆದು ಬರೆಯುವಾಗ ಈ ಪ್ರಶ್ನೆಯನ್ನು ತನಗೇ ಹಾಕಿಕೊಂಡನು. ನಾಟಕಶಾಲೆಯಲ್ಲಿ ದುಃಖವನ್ನು ನೋಡಿ ತಾನು ಅಳುತ್ತಿದ್ದುದೂ ಉಂಟು, ಆ ಅಳುವನ್ನೇ ಸವಿಯುತ್ತಿದ್ದುದೂ ಉಂಟು; ಆದರೆ ಅಲ್ಲಿ ಯಾರೂ ಅವನನ್ನು ನೆರವಿಗೆ ಕರೆಯಲಿಲ್ಲ, ಬರಿದೆ ಮರುಗು ಎಂದರು ಅಷ್ಟೆ. ನೆರವಿನ ಹೊಣೆಯಿಲ್ಲದ ಮರುಕವು ಎಂತಹ ಮರುಕ ಎಂಬುದು ಅವನ ಸಂಶಯ. ಈ ಸಂಶಯಕ್ಕೆ ಉತ್ತರವನ್ನು ಹುಡುಕಲು ನಾವು ದೂರ ಹೋಗಬೇಕಾದುದಿಲ್ಲ.

ಬಂಟ್ವಾಳ ತಾಲ್ಲೂಕಿನ ಮಂಚಿಯ ಬಾಬುಕೋಡಿಯಲ್ಲಿ 1929ರಲ್ಲಿ ಜನಿಸಿ, ಬಾಲ್ಯದಲ್ಲಿಯೇ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ಸೇರಿ, ಮುಂದೆ ಭಾರತದ ರಂಗಭೂಮಿಗೇ ಹಿರಿಯರೆನಿಸಿದ ಬಿ. ವಿ. ಕಾರಂತರು 1975ರಲ್ಲಿ 'ಚೋಮನ ದುಡಿ'ಯನ್ನು ಚಲನಚಿತ್ರವಾಗಿಸಿದರು. ಶಿವರಾಮ ಕಾರಂತರ ಮೂಲ ಕಾದಂಬರಿ 1933ರದು. ಚಿತ್ರಕ್ಕೆ ರಾಷ್ಟ್ರದ ಸ್ವರ್ಣಕಮಲವೂ, ಚೋಮನಾಗಿ ನಟಿಸಿದ ವಾಸುದೇವರಾಯರಿಗೆ ಶ್ರೇಷ್ಠ ನಟರೆಂಬ ರಾಷ್ಟ್ರಪ್ರಶಸ್ತಿಯೂ ಲಭಿಸಿದವು. ಕಥೆ ತುಳುನಾಡಿನ ಮಣ್ಣಿನದೇ. ಚೋಮನಲ್ಲಿ ಒಂದು ಜೊತೆ ಎತ್ತುಗಳಿವೆ. ಉಳಲು ತುಂಡು ನೆಲವಿಲ್ಲ. ಹುಟ್ಟಿದ ಜಾತಿಯ ಕಾರಣದಿಂದ ಬೇಸಾಯವು ಅವನಿಗೆ ನಿಷಿದ್ಧ. ಸಾಲವನ್ನು ತೀರಿಸಲು ಮಕ್ಕಳು ಘಟ್ಟದ ಕಾಫಿತೋಟಕ್ಕೆ ಹೋಗುತ್ತಾರೆ. ಒಬ್ಬನು ಜ್ವರದಿಂದ ಸಾಯುತ್ತಾನೆ, ಇನ್ನೊಬ್ಬನು ಮತಾಂತರ ಹೊಂದುತ್ತಾನೆ. ಮಗಳು ಬೆಳ್ಳಿಯ ಮಾನಕ್ಕೆ ಅಲ್ಲಿ ಬೆಲೆ ಕಟ್ಟಲಾಗುತ್ತದೆ. ಕಿರಿಯ ಮಗನು ಹೊಳೆಯಲ್ಲಿ ಮುಳುಗುವಾಗ, ಮುಟ್ಟಬಾರದ ಜಾತಿಯವನೆಂಬ ಕಾರಣಕ್ಕೆ ಯಾರೊಬ್ಬರೂ ಅವನನ್ನು ಎತ್ತುವುದಿಲ್ಲ. ಕೊನೆಗೆ ಚೋಮನು ಗುಡಿಸಲಿನ ಬಾಗಿಲನ್ನು ಮುಚ್ಚಿ ದುಡಿಯನ್ನು ಬಾರಿಸುತ್ತ ಪ್ರಾಣ ಬಿಡುತ್ತಾನೆ.

ಹರಿಶ್ಚಂದ್ರನ ಕಥೆಗೂ ಚೋಮನ ಕಥೆಗೂ ಇರುವ ಒಂದು ಭೇದವನ್ನು ವಾಚಕರು ಗಮನಿಸಬೇಕು. ಸುಡುಗಾಡಿನಲ್ಲಿ ಎತ್ತಿದ ಖಡ್ಗ ಇಳಿಯುವ ಮುನ್ನ ಶಿವನು ಪ್ರತ್ಯಕ್ಷನಾಗುತ್ತಾನೆ. ಮಗನು ಏಳುತ್ತಾನೆ, ರಾಜ್ಯವು ಮರಳುತ್ತದೆ, ನಾವು ಸಮಾಧಾನಗೊಂಡು ಮನೆಗೆ ಬರುತ್ತೇವೆ. ಚೋಮನ ಹೊಳೆಯ ದಂಡೆಯಲ್ಲಿ ಯಾರೂ ಪ್ರತ್ಯಕ್ಷರಾಗುವುದಿಲ್ಲ. ಅಲ್ಲಿ ಪ್ರತ್ಯಕ್ಷರಾಗಬೇಕಾಗಿದ್ದವರು ಯಾರು? ದೇವರಲ್ಲ, ದಡದಲ್ಲಿ ನಿಂತಿದ್ದ ಮನುಷ್ಯರು. ಆ ದೃಶ್ಯವನ್ನು ನೋಡುತ್ತ ಕುರ್ಚಿಯಲ್ಲಿ ಕುಳಿತ ನಾವೂ ಒಂದು ಬಗೆಯಲ್ಲಿ ದಡದಲ್ಲಿಯೇ ಇರುವವರು. ಪರದೆಯೊಳಗೆ ಇಳಿದು ಆ ಮಗುವನ್ನು ಎತ್ತಲು ನಮ್ಮಿಂದಾಗದು. ಆದ್ದರಿಂದಲೇ ನಮ್ಮ ಕಣ್ಣೀರಿಗೆ ಅಲ್ಲಿ ಯಾವ ವೆಚ್ಚವೂ ಇಲ್ಲ.

ಈ ಮಾತನ್ನು ಅನ್ಯರ ಮೇಲೆ ಹೊರಿಸಿ ಬರೆಯುವ ಅಧಿಕಾರ ನನಗಿಲ್ಲ. ಉದ್ಯೋಗದ ನಿಮಿತ್ತ ಘಟ್ಟದ ಮೇಲಿನಿಂದ ಬಂದು ಬಂಟ್ವಾಳದಲ್ಲಿ ಕೆಲವು ವರ್ಷ ನೆಲಸಿದ್ದಾಗ ಆ ಚಿತ್ರವನ್ನು ನೋಡಿದೆನು. ಹೊಳೆಯ ದೃಶ್ಯದಲ್ಲಿ ಬಿಕ್ಕಿ ಅತ್ತೆನು. ಆ ರಾತ್ರಿ ಊಟವೂ ಸೇರಲಿಲ್ಲ. ನನ್ನ ಹೃದಯ ಇಷ್ಟು ಮೃದುವಾಗಿದೆಯಲ್ಲ ಎಂಬ ಗುಪ್ತವಾದ ಹೆಮ್ಮೆಯೂ ಆ ಅಳುವಿನೊಳಗೆ ಇದ್ದಿತೆಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಮರುದಿನ ಬೆಳಗ್ಗೆ, ಮಳೆಗಾಲಕ್ಕೆ ಮುನ್ನ ಹಿತ್ತಿಲಿನ ಚರಂಡಿಯನ್ನು ತೋಡಲು ಮುದುಕನೊಬ್ಬ ಬಂದನು. ಅವನಿಗೆ ಚಹ ಕೊಡಲೆಂದು ನನ್ನ ಕೈ ತಾನಾಗಿಯೇ ಹಿತ್ತಿಲ ಗೋಡೆಯ ಗೂಡಿನಲ್ಲಿ ಬೇರೆಯಾಗಿ ಇಟ್ಟಿದ್ದ ಲೋಟದ ಕಡೆಗೆ ಹೋಯಿತು. ನನ್ನ ಗೃಹಿಣಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ನಿನ್ನೆ ನೀವು ಅತ್ತದ್ದು ಯಾರಿಗಾಗಿ?” ಎಂದು ಮೆಲ್ಲನೆ ಕೇಳಿದಳು. ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ಅವಳು ಮನೆಮಂದಿಯ ಲೋಟಗಳಲ್ಲಿ ಒಂದನ್ನು ತಂದು ಚಹ ಹೊಯ್ದು ಅವನ ಕೈಗೆ ಕೊಟ್ಟಳು. ಮುದುಕನು ಕುಡಿದು, ಲೋಟವನ್ನು ತೊಳೆದಿಡಲು ನಲ್ಲಿಯನ್ನು ಹುಡುಕಿದನು. ಬೇಡವೆಂದು ಅವಳೇ ಅದನ್ನು ಇಸಿದುಕೊಂಡಳು. ಪರದೆಯ ಮೇಲೆ ಕಂಡ ಚೋಮನಿಗೆ ನನ್ನ ಕಣ್ಣೀರು ದೊರೆತಿತ್ತು. ಅಂಗಳಕ್ಕೆ ಬಂದವನಿಗೆ ಗೂಡಿನ ಲೋಟ.

ಅಣ್ಣ ಬಸವಣ್ಣನವರು ಕಲ್ಲಿನ ಹಾವಿಗೂ ಜೀವದ ಹಾವಿಗೂ ನಾವು ತೋರುವ ಎರಡು ಬಗೆಯ ನಡತೆಯನ್ನು ಎತ್ತಿ ಆಡಿದರು; ಉಣ್ಣದ ಮೂರ್ತಿಗೆ ಎಡೆಯಿಡುವ ಕೈ ಹಸಿದು ಬಂದವನನ್ನು ಹೊರದೂಡುವುದನ್ನು ಕಂಡು ಬೇಸತ್ತರು. ಊರೂರಿಗೂ ನಾಗಬನಗಳಿರುವ ಈ ಸೀಮೆಯಲ್ಲಿ ಆ ಮಾತಿನ ಮೊನೆ ಇನ್ನಷ್ಟು ಹರಿತವಾಗಿ ತಾಗುತ್ತದೆ. ಪರದೆಯ ಬಿಂಬವೂ ಒಂದು ಬಗೆಯ ಕಲ್ಲಿನ ನಾಗವೇ. ಅದಕ್ಕೆ ಎರೆದ ಕಣ್ಣೀರು ಹಾಲಿನಂತೆ ಹರಿದು ಹೋಗುತ್ತದೆ. ಜೀವವಿರುವವನು ಹಸಿದೇ ಉಳಿಯುತ್ತಾನೆ.

ಹಾಗಾದರೆ ಇಂತಹ ಚಿತ್ರಗಳನ್ನು ನೋಡುವುದೇ ತಪ್ಪೆ? ಅಲ್ಲ. ಶರಣರು ಇಂದ್ರಿಯಗಳ ಬಾಯನ್ನು ಕಟ್ಟಿದವರಲ್ಲ. ಕಣ್ಣು ಕಂಡ ರೂಪವನ್ನೂ ಕಿವಿ ಕೇಳಿದ ಶಬ್ದವನ್ನೂ ಮೊದಲು ಲಿಂಗಕ್ಕೆ ಅರ್ಪಿಸಿ, ಬಳಿಕ ಪ್ರಸಾದವೆಂದು ಸ್ವೀಕರಿಸಲು ಕಲಿಸಿದವರು. ಮೂಡಬಿದಿರೆಯ ರತ್ನಾಕರವರ್ಣಿಯು ಕೆಲಕಾಲ ವೀರಶೈವವನ್ನು ಅವಲಂಬಿಸಿದ್ದನೆಂಬ ಐತಿಹ್ಯವುಂಟು. ಆ ಜೈನಕವಿ 16ನೆಯ ಶತಮಾನದಲ್ಲಿ ರಚಿಸಿದ ಭರತೇಶವೈಭವದಲ್ಲಿ, ಭೋಗದ ನಡುವೆಯೇ ಯೋಗಿಯಾಗಿ ಬಾಳಿದ ಗೃಹಸ್ಥನೊಬ್ಬನನ್ನು ಕಾಣುತ್ತೇವೆ. ಭೋಗವು ದೋಷವಲ್ಲ, ಅರ್ಪಿತವಾಗದ ಭೋಗವೇ ದೋಷ. ಅಳುವಿನಲ್ಲಿಯೂ ಒಂದು ಭೋಗವಿದೆಯಾದ್ದರಿಂದ ಕಣ್ಣೀರೂ ಅರ್ಪಿತವಾಗಬೇಕು. ಹೇಗೆ? ಜಂಗಮಮುಖದಿಂದ, ದಾಸೋಹಮುಖದಿಂದ. ಪರದೆಯು ಹುಟ್ಟಿಸಿದ ಮರುಕವನ್ನು ಬೀದಿಯಲ್ಲಿ ಜೀವಂತವಾಗಿರುವ ಒಬ್ಬನಿಗೆ ಮುಟ್ಟಿಸಿದಾಗ ಅದು ಪ್ರಸಾದವಾಗುತ್ತದೆ. ಇಲ್ಲದಿದ್ದರೆ ತಾನೊಬ್ಬನೇ ಬಾಗಿಲು ಹಾಕಿಕೊಂಡು ಉಂಡ ಊಟವಾಗುತ್ತದೆ.

ಎಲ್ಲ ದುಃಖಕ್ಕೂ ನಮ್ಮಲ್ಲಿ ಪರಿಹಾರವಿದೆಯೆ ಎಂದು ಕೆಲವರು ಕೇಳಬಹುದು. ಉಚಿತವಾದ ಪ್ರಶ್ನೆಯೇ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ 1971ರಲ್ಲಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ 'ಶರಪಂಜರ'ವನ್ನು ನೆನೆಯೋಣ. ಕಲ್ಪನಾ ಅವರು ನಟಿಸಿದ ಕಾವೇರಿಗೆ ಹೆರಿಗೆಯ ಬಳಿಕ ಚಿತ್ತಭ್ರಮೆ ಉಂಟಾಗುತ್ತದೆ. ಆ ರೋಗ ಬಾರದಂತೆ ತಡೆಯುವುದು ನೋಡುವವರ ಕೈಯಲ್ಲಿಲ್ಲ. ಆದರೆ ಅವಳು ಗುಣಹೊಂದಿ ಆಸ್ಪತ್ರೆಯಿಂದ ಮರಳಿ ಬಂದಾಗ ಮನೆಯೂ ನೆರೆಯೂ ಅವಳನ್ನು ಹುಚ್ಚಿಯೆಂದೇ ನೋಡುತ್ತವೆ. ಆ ನೋಟವೇ ಅವಳನ್ನು ಮತ್ತೆ ಕೆಡಹುತ್ತದೆ. ಆ ನೋಟ ಮಾತ್ರ ನಮ್ಮ ಕೈಯಲ್ಲಿದೆ. ಕಾವೇರಿಗಾಗಿ ಅತ್ತು ಬಂದವರು ಮರುದಿನ ಸಂಬಂಧ ಕುದುರಿಸುವಾಗ, ಆ ಮನೆಯಲ್ಲಿ ಯಾರಿಗೋ ಮನೋರೋಗವಿತ್ತಂತೆ ಎಂದು ಪಿಸುಗುಟ್ಟಿದರೆ ಅತ್ತದ್ದು ಏನಾಯಿತು? ಪರಿಹಾರವಿಲ್ಲದ ಶೋಕದಲ್ಲಿಯೂ ದುಃಖಿಯ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳುವ ಸೇವೆ ಉಳಿದೇ ಇರುತ್ತದೆ.

ಅಳು ಆಚಾರವಾದುದಕ್ಕೆ ನಿದರ್ಶನಗಳು ಇಲ್ಲದಿಲ್ಲ. ಬಾಲಕನಾಗಿದ್ದ ಮೋಹನದಾಸ ಗಾಂಧಿಯವರು ಹರಿಶ್ಚಂದ್ರನ ನಾಟಕವನ್ನು ನೋಡಿ, ಅದನ್ನೇ ನೆನೆನೆನೆದು ಅತ್ತುದನ್ನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ; ಎಲ್ಲರೂ ಏಕೆ ಅವನಂತೆ ಸತ್ಯವಂತರಾಗಬಾರದೆಂಬ ಪ್ರಶ್ನೆಯನ್ನು ಬಾಳಿನುದ್ದಕ್ಕೂ ಹೊತ್ತರು. ನಾಟಕ ಒಂದೇ, ಅತ್ತವರು ಅಸಂಖ್ಯ. ಕಣ್ಣೀರನ್ನು ನಡತೆಯಾಗಿ ತಿರುಗಿಸಿದವರು ವಿರಳ. ಕಲ್ಯಾಣದಲ್ಲಿಯೂ ಹೀಗೆಯೇ. ಹರಳಯ್ಯನವರಿಗಾಗಿ ಮರುಗಿದವರು ಹಲವರಿದ್ದಿರಬೇಕು. ಅವರ ಮನೆಯೊಡನೆ ಬೀಗತನ ಬೆಳೆಸಿ ಪ್ರಾಣವನ್ನೇ ತೆತ್ತವರು ಮಧುವರಸರು.

ಆದುದರಿಂದ, ಶರಣಬಂಧುಗಳೆ, ನಿಮ್ಮೆದೆಯನ್ನು ಒಡೆದ ಚಿತ್ರವನ್ನು ಸಂಕೋಚವಿಲ್ಲದೆ ಮೆಚ್ಚಿರಿ, ಅಳಬೇಕೆನಿಸಿದರೆ ಅಳಿರಿ. ಕಲ್ಲಾಗಿ ಕೂರುವುದು ಭಕ್ತನ ಲಕ್ಷಣವಲ್ಲ. ಆದರೆ ಮನೆಗೆ ಮರಳುವ ದಾರಿಯಲ್ಲಿ ನಿಮ್ಮನ್ನೇ ಒಮ್ಮೆ ಕೇಳಿಕೊಳ್ಳಿರಿ: ಇವನನ್ನು ನಾನು ಎಲ್ಲಿಯೋ ಕಂಡಿದ್ದೇನಲ್ಲವೆ? ನನ್ನ ಹಿತ್ತಿಲಿನಲ್ಲಿಯೊ, ನನ್ನ ಬಂಧುಗಳ ಮನೆಯ ಮೂಲೆಯಲ್ಲಿಯೊ? ಕಂಡಿದ್ದರೆ ನಾಳೆಯ ಬೆಳಗೇ ಅರ್ಪಣದ ಸಮಯ. ನಮ್ಮ ಮನೆಯ ಗೂಡಿನಲ್ಲಿ ಆ ದಿನದಿಂದ ಲೋಟವಿಲ್ಲ. ಅದೊಂದು ದೊಡ್ಡ ಕಾರ್ಯವೆಂದು ಹೇಳುತ್ತಿಲ್ಲ. ಅಷ್ಟು ಅತ್ತವನಿಂದ ಅಷ್ಟಾದರೂ ಸಲ್ಲಬೇಕಾಗಿದ್ದಿತು.