ಯಜ್ಞವೇದಿಗೂ ಮೊದಲು

ನಮ್ಮ ದೊಡ್ಡಪ್ಪ ಜಾಗದ ಮೊಕದ್ದಮೆಯೊಂದನ್ನು ಗೆದ್ದ ಮೇಲೆ ಕೆಲವು ತಿಂಗಳು ಪ್ರಭುಭೋಜನಕ್ಕೆ ಎದ್ದು ಹೋಗಲಿಲ್ಲ. ಸಭೆಯವರೆಲ್ಲ ಸಾಲಾಗಿ ವೇದಿಯತ್ತ ನಡೆಯುವಾಗ ಅವರು ಬೆಂಚಿನಲ್ಲೇ ಕುಳಿತಿರುತ್ತಿದ್ದರು. ನಮ್ಮದು ದಕ್ಷಿಣ ಕನ್ನಡದ ಬಾಸೆಲ್ ಮಿಶನ್ ಪರಂಪರೆಯ ಸಭೆ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಶನರಿಗಳು ಸಭಾಶಿಸ್ತಿನಲ್ಲಿ ಬಿಗಿಯಾಗಿದ್ದವರು. ಭೋಜನದಿಂದ ದೂರ ಉಳಿದವರು ಏನೋ ತಪ್ಪು ಮಾಡಿರಬೇಕೆಂದು ಎಣಿಸುವುದು ನಮ್ಮ ಹಿರಿಯರಿಗೆ ರೂಢಿ. ಆದರೆ ದೊಡ್ಡಪ್ಪ ಮಾಡಿದ ತಪ್ಪೇನೆಂದು ಯಾರಿಗೂ ತಿಳಿಯಲಿಲ್ಲ. ದಾಖಲೆ ಅವರ ಪರವಾಗಿತ್ತು, ಸರ್ವೆಯ ಅಳತೆ ಅವರ ಪರವಾಗಿತ್ತು, ಕೋರ್ಟೂ ಹಾಗೆಯೇ ತೀರ್ಪು ಕೊಟ್ಟಿತ್ತು. ನೆರೆಮನೆಯವರು ಬಾವಿಗೆ ಹೋಗುತ್ತಿದ್ದ ಕಟ್ಟಪುಣಿ ದೊಡ್ಡಪ್ಪನ ಗದ್ದೆಗೆ ಸೇರಿ, ಅಲ್ಲಿ ಬೇಲಿ ಎದ್ದಿತ್ತು.

ಆಗ ನಾನು ಕಾಲೇಜಿನಲ್ಲಿದ್ದೆ. “ಕೋರ್ಟೇ ನಿಮ್ಮದು ಸರಿ ಅಂತ ಹೇಳಿದೆಯಲ್ಲ, ಮತ್ತೆ ಯಾಕೆ ದೊಡ್ಡಪ್ಪ?” ಎಂದು ಕೇಳಿದೆ. “ಕೋರ್ಟು ಜಾಗ ಯಾರದ್ದೂಂತ ಹೇಳಿತು, ಅಷ್ಟೆ. ಅವರ ಮನೆ ಹೆಂಗಸರು ನೀರಿಗೆ ಎಲ್ಲಿಂದ ಹೋಗ್ಬೇಕೂಂತ ಹೇಳ್ಲಿಲ್ಲ. ಅದನ್ನು ನಾನೇ ಹೇಳ್ಬೇಕು” ಎಂದರು. ಕೊಡ ಹೊತ್ತವರು ನಡೆಯುವಷ್ಟು ಅಗಲಕ್ಕೆ ಬೇಲಿ ಬಿಡಿಸಿ, ನೆರೆಮನೆಗೆ ತಾವೇ ಹೋಗಿ ತಿಳಿಸಿ ಬಂದ ಮೇಲಷ್ಟೇ ಅವರು ಭೋಜನಕ್ಕೆ ಎದ್ದರು. ನೆರೆಯವರು ಕ್ರೈಸ್ತರಲ್ಲ, ದೊಡ್ಡಪ್ಪನಿಗೆ ಅದೊಂದು ಲೆಕ್ಕವೇ ಆಗಿರಲಿಲ್ಲ.

ಅವರ ಮನಸ್ಸಿನಲ್ಲಿದ್ದದ್ದು ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯ. ಪರ್ವತ ಪ್ರಸಂಗದ ನಡುವೆ ಯೇಸುಸ್ವಾಮಿ ಕಾಣಿಕೆ ತಂದವನೊಬ್ಬನ ವಿಷಯ ಎತ್ತುತ್ತಾರೆ. ತನ್ನ ಮೇಲೆ ಸಹೋದರನಿಗೆ ಏನೋ ಅಸಮಾಧಾನವಿದೆಯೆಂದು ಯಜ್ಞವೇದಿಯ ಬಳಿ ಅವನಿಗೆ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗಬೇಕು. ಆ ಮಾತಿನ ಒಂದು ಅಂಶ ನನ್ನನ್ನು ಬಹುಕಾಲ ಕಾಡಿದೆ. ಸಹೋದರನ ದೂರು ನ್ಯಾಯವಾದದ್ದೋ ಅಲ್ಲವೋ ಎಂಬ ವಿಚಾರಣೆ ಅಲ್ಲಿಲ್ಲ. ಅವನಿಗೆ ನನ್ನಿಂದ ನೋವಾಗಿದೆ ಎಂಬುದಷ್ಟೇ ಸಾಕು, ಆರಾಧನೆ ನಿಲ್ಲುತ್ತದೆ. ದೇವರು ತನ್ನ ಪಾಲಿನ ಕಾಣಿಕೆಯನ್ನೇ ತಡೆದು, ನೆರೆಯವನ ಮನೆಗೆ ಕಳುಹಿಸುತ್ತಾನೆ.

ಭಾನುವಾರದ ಶಾಲೆಯಲ್ಲಿ ನಾವು ಕಲಿತದ್ದು ಇದಕ್ಕಿಂತ ಸರಳವಾದ ಪಾಠ. ದೇವರು ಸೀನಾಯಿ ಬೆಟ್ಟದಲ್ಲಿ ಹತ್ತು ಆಜ್ಞೆಗಳನ್ನು ಕೊಟ್ಟನು. ಆದ್ದರಿಂದ ಕಳವು ತಪ್ಪು, ಸುಳ್ಳುಸಾಕ್ಷಿ ತಪ್ಪು. ಆ ಆಜ್ಞೆಯನ್ನು ತೆಗೆದುಬಿಟ್ಟರೆ ಒಳಿತು ಕೆಡುಕುಗಳಿಗೆ ನೆಲೆಯೇ ಇಲ್ಲವೆಂದು ನಾನು ತಿಳಿದಿದ್ದೆ. ದೇವತೆಗಳು ಮೆಚ್ಚುವುದರಿಂದ ಒಂದು ಕಾರ್ಯ ಪುಣ್ಯವಾಗುತ್ತದೆಯೋ, ಪುಣ್ಯವಾದ್ದರಿಂದ ಅವರು ಮೆಚ್ಚುತ್ತಾರೋ ಎಂಬ ಸಾಕ್ರೆಟಿಸನ ಪ್ರಶ್ನೆ ಪ್ಲೇಟೋವಿನ ‘ಯೂಥಿಫ್ರೋ’ ಸಂವಾದದಲ್ಲಿದೆ. ಅದನ್ನು ಓದಿದಾಗ ಮನಸ್ಸು ಅಲುಗಿತು. ಆದರೆ ನನ್ನ ತಿಳಿವಳಿಕೆಯನ್ನು ನಿಜವಾಗಿ ಬದಲಿಸಿದ್ದು ಸತ್ಯವೇದವೇ. ಧರ್ಮಶಾಸ್ತ್ರವಿಲ್ಲದ ಅನ್ಯಜನರಲ್ಲೂ ಅದರ ಸಾರ ಹೃದಯದಲ್ಲಿ ಬರೆದಿದೆಯೆಂದು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಒಪ್ಪುತ್ತಾನೆ. ಲೂಕನ ಸುವಾರ್ತೆಯಲ್ಲಿ, ಗಾಯಗೊಂಡು ದಾರಿಯಲ್ಲಿ ಬಿದ್ದವನನ್ನು ದಾಟಿ ಹೋಗುವವರು ಯಾಜಕನೂ ಲೇವಿಯನೂ. ನಿಲ್ಲುವವನು ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು. ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದ ಕೊನೆಯ ನ್ಯಾಯತೀರ್ಪಿನಲ್ಲಂತೂ, ಹಸಿದವರಿಗೆ ಊಟ ಕೊಟ್ಟವರಿಗೆ ತಾವು ಕರ್ತನಿಗೇ ಉಪಚಾರ ಮಾಡಿದೆವೆಂಬ ಅರಿವೂ ಇರಲಿಲ್ಲ. ಸರಿ ಯಾವುದು ತಪ್ಪು ಯಾವುದು ಎಂದು ತಿಳಿಯಲು ಕ್ರೈಸ್ತನಾಗಲೇಬೇಕೆಂದು ಈ ಯಾವ ಭಾಗವೂ ಹೇಳುವುದಿಲ್ಲ.

ಇದಕ್ಕಿಂತ ಕಷ್ಟದ ಸಂಗತಿ ಇನ್ನೊಂದಿದೆ: ನಂಬಿಕೆಯೇ ತಪ್ಪಿಗೆ ಆಧಾರವಾದ ಚರಿತ್ರೆ. ಅಮೆರಿಕದ ದಕ್ಷಿಣ ರಾಜ್ಯಗಳ ಬೋಧಕರು ಗುಲಾಮಗಿರಿಯನ್ನು ಸಮರ್ಥಿಸಿದ್ದು ಸತ್ಯವೇದದಿಂದಲೇ. ಪೌಲನು ಓನೇಸಿಮನೆಂಬ ದಾಸನ ವಿಷಯವಾಗಿ ಫಿಲೆಮೋನನಿಗೆ ಬರೆದ ಪತ್ರಿಕೆಯನ್ನು ಅವರು ಪುರಾವೆಯಾಗಿ ಎತ್ತಿ ಹಿಡಿದರು. ಗುಲಾಮರನ್ನಿಟ್ಟುಕೊಂಡವರು ಮಿಶನರಿಗಳಾಗಬಹುದೇ ಎಂಬ ಜಗಳದಲ್ಲಿ 1845ರಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಶನ್ ಎಂಬ ಸಭೆಗಳ ಒಕ್ಕೂಟ ಹುಟ್ಟಿತು. ಅದು ಅಧಿಕೃತವಾಗಿ ಕ್ಷಮೆ ಕೇಳಿದ್ದು 1995ರಲ್ಲಿ. ಅದೇ ಸತ್ಯವೇದವನ್ನು ಓದಿದ ಪೆನ್ಸಿಲ್ವೇನಿಯಾದ ಜರ್ಮನ್‌ಟೌನಿನ ಕ್ವೇಕರ್ ಪಂಥದ ಕೆಲವು ಕ್ರೈಸ್ತರು 1688ರಷ್ಟು ಹಿಂದೆಯೇ ಗುಲಾಮಗಿರಿಯ ವಿರುದ್ಧ ಮನವಿ ಬರೆದಿದ್ದರು. ನಮಗೆ ಬೇರೆಯವರು ಹೇಗೆ ಮಾಡಬೇಕೆಂದು ಬಯಸುತ್ತೇವೋ ಹಾಗೆಯೇ ನಾವು ಅವರಿಗೆ ಮಾಡಬೇಕೆಂಬುದೇ ಅವರ ವಾದದ ಬುಡ. ಗ್ರಂಥ ಒಂದೇ, ದೇವರೂ ಒಬ್ಬನೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

ಬಹಳ ಯೋಚಿಸಿದ ಮೇಲೆ ನನಗೆ ತೋರುವುದು ಇದು. ಒಂದು ಗುಂಪು ದೇವರನ್ನು ತನ್ನ ಪರ ಸಾಕ್ಷಿಯಾಗಿ ಕರೆಯಿತು. ಇನ್ನೊಂದು ಅವನ ಮುಂದೆ ತಾನೇ ಆರೋಪಿಯಾಗಿ ನಿಂತಿತು. ಕ್ರೈಸ್ತ ನಂಬಿಕೆ ನೀತಿಗೆ ಆಧಾರ ಎನ್ನುವಾಗ ನಾನು ಈಗ ಹೇಳಬಲ್ಲದ್ದು ಇಷ್ಟೇ: ಸರಿತಪ್ಪುಗಳ ಅರಿವು ಎಲ್ಲರಿಗೂ ಇದೆ, ಆದರೆ ನನ್ನ ಮೊಕದ್ದಮೆಯಲ್ಲಿ ನಾನೇ ಕೊನೆಯ ತೀರ್ಪುಗಾರನಾಗುವ ಹಕ್ಕನ್ನು ಈ ನಂಬಿಕೆ ಕಿತ್ತುಕೊಳ್ಳುತ್ತದೆ. ಕೋರ್ಟು ಗೆಲ್ಲಿಸಿದವನನ್ನೂ ಅದು ಬೆಂಚಿನಲ್ಲಿ ಕೂರಿಸುತ್ತದೆ. ಅದರ ಭಾರ ನನ್ನ ಮೇಲಿರುವ ತನಕ ಅದು ನಂಬಿಕೆ. ಎದುರಿನವನ ಮೇಲೆ ಹೊರಿಸಲು ತೊಡಗಿದ ಕ್ಷಣವೇ ಅದು ಅಧಿಕಾರವಾಗುತ್ತದೆ.

ಹಿಟ್ಲರನ ವಿರುದ್ಧದ ಸಂಚಿನಲ್ಲಿ ಪಾಲುಗೊಂಡ ಜರ್ಮನಿಯ ದೈವಶಾಸ್ತ್ರಜ್ಞ ಡೀಟ್ರಿಚ್ ಬಾನ್‌ಹೋಫರ್ ಇಲ್ಲಿ ನೆನಪಾಗುತ್ತಾರೆ. ದೇವರು ತನ್ನ ಪರವಾಗಿದ್ದಾನೆ, ಆದ್ದರಿಂದ ತಾನು ನಿರ್ದೋಷಿ ಎಂದು ಅವರು ಎಲ್ಲೂ ಹೇಳಿಕೊಳ್ಳಲಿಲ್ಲ. ಹೊಣೆ ಹೊತ್ತು ನಡೆಯುವವನು ದೋಷವನ್ನೂ ಹೊರಬೇಕಾಗುತ್ತದೆ, ಕರುಣೆಗಾಗಿ ಕಾಯಬೇಕಾಗುತ್ತದೆ ಎಂಬುದು ಅವರ ನಿಲುವು. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಆಗ ಅವರಿಗೆ 39 ವರ್ಷ.

ನಮ್ಮ ದೇಶದಲ್ಲೇ ಗ್ಲಾಡಿಸ್ ಸ್ಟೇನ್ಸ್ ಇದ್ದರು. ಅವರ ಪತಿ ಗ್ರಹಾಂ ಸ್ಟೇನ್ಸ್ ಒಡಿಶಾದ ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿ ಮೂರು ದಶಕ ಕಳೆದವರು. 1999ರ ಜನವರಿಯ ಒಂದು ರಾತ್ರಿ ಮನೋಹರಪುರದಲ್ಲಿ ಅವರನ್ನೂ, ಹತ್ತು ಮತ್ತು ಆರು ವರ್ಷದ ಇಬ್ಬರು ಗಂಡುಮಕ್ಕಳನ್ನೂ ಜೀಪಿನೊಳಗೆ ಸುಟ್ಟು ಕೊಂದರು. ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದರು. ಬಾರಿಪದದಲ್ಲೇ ಉಳಿದು ರೋಗಿಗಳ ಸೇವೆಯನ್ನು ಕೆಲವು ವರ್ಷ ನಡೆಸಿದರು. ಆ ಕ್ಷಮೆ ಕಾನೂನಿನ ಹಾದಿಗೆ ಅಡ್ಡ ಬರಲಿಲ್ಲ. ಮೊಕದ್ದಮೆ ನಡೆಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಎತ್ತಿ ಹಿಡಿಯಿತು. ಈ ಕ್ಷಮೆಯನ್ನು ಪ್ರಸಂಗಗಳಲ್ಲಿ ಮಾದರಿಯಾಗಿ ಹೇಳುವಾಗ ನನಗೆ ಅಂಜಿಕೆಯಾಗುತ್ತದೆ. ಗಂಡನಿಂದ ಹೊಡೆತ ತಿಂದ ಹೆಂಗಸಿಗೆ, ಮಗನನ್ನು ಕಳೆದುಕೊಂಡ ತಾಯಿಗೆ, ನೀನೂ ಹೀಗೆ ಕ್ಷಮಿಸು ಎಂದು ಹೇಳುವವರನ್ನು ನಾನು ಕಂಡಿದ್ದೇನೆ. ಗ್ಲಾಡಿಸ್ ಅವರ ಕ್ಷಮೆ ದೊಡ್ಡದಾದದ್ದು ಅದನ್ನು ಯಾರೂ ಅವರಿಂದ ಕೇಳಿ ಪಡೆಯದಿದ್ದುದರಿಂದ. ನೋವುಂಡವರ ಮೇಲೆ ಹೇರಿದ ಕ್ಷಮೆ ಇನ್ನೊಂದು ಹಿಂಸೆ.

ಇಷ್ಟು ಬರೆದ ಮೇಲೆ ನಮ್ಮ ಸಭೆಗಳ ಒಳಗನ್ನೂ ನೋಡಲೇಬೇಕು. ಭಾರತದ ಚರ್ಚುಗಳಲ್ಲಿ ಜಾತಿ ಸತ್ತಿಲ್ಲ. ತಿರುಚಿರಾಪಳ್ಳಿಯ ಸ್ಮಶಾನವೊಂದರಲ್ಲಿ ದಲಿತ ಕ್ರೈಸ್ತರ ಸಮಾಧಿಗಳನ್ನು ಬೇರೆ ಮಾಡಿದ ಗೋಡೆಯ ವಿಷಯ ದೇಶಕ್ಕೆಲ್ಲ ಗೊತ್ತಾದದ್ದು. 2016ರಲ್ಲಿ ಕ್ಯಾಥೊಲಿಕ್ ಬಿಷಪರ ಸಮ್ಮೇಳನವೇ ದಲಿತ ಸಬಲೀಕರಣದ ನೀತಿಯೊಂದನ್ನು ಹೊರತಂದು, ಸಭೆಯೊಳಗಿನ ಅಸ್ಪೃಶ್ಯತೆ ಪಾಪವೆಂದು ಸಾರಿತು. ನಾವು ಪ್ರೊಟೆಸ್ಟೆಂಟರು ಇದನ್ನು ಅವರ ಮನೆಯ ಮಾತೆಂದು ಕೇಳಿ ಸುಮ್ಮನಿರಲಾಗದು. ನಮ್ಮಲ್ಲೂ ಮದುವೆ ಸಂಬಂಧ ನೋಡುವಾಗ, ಸಭಾ ಸಮಿತಿಗೆ ಆರಿಸುವಾಗ ಕೇಳುವ ಪ್ರಶ್ನೆಗಳು ನಮಗೇ ಗೊತ್ತಿವೆ. ಈ ಅವಮಾನವನ್ನು ದಲಿತ ಸಹೋದರರು ಎಷ್ಟೋ ಕಾಲದಿಂದ ನಮ್ಮ ಮುಂದೆ ಹೇಳುತ್ತಾ ಬಂದಿದ್ದಾರೆ. ಆದರೂ ಭೋಜನದ ಸಾಲು ಒಂದು ಭಾನುವಾರವೂ ನಿಂತಿಲ್ಲ.

ಸಭಾಪಾಲಕರಲ್ಲಿ, ಸಭೆಯ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟೆ. ನಿಮ್ಮ ಊರಿನ ಸ್ಮಶಾನದಲ್ಲಿ ಅಂಥ ಗೋಡೆಯಿದ್ದರೆ, ನಿಮ್ಮ ಸಮಿತಿಯಲ್ಲಿ ಯಾರಿಗಾದರೂ ಜಾತಿಯ ಕಾರಣದಿಂದ ಜಾಗ ಸಿಕ್ಕಿಲ್ಲವಾದರೆ, ಮುಂದಿನ ಪ್ರಭುಭೋಜನವನ್ನು ತಡೆದು ನಿಲ್ಲಿಸಿ. ಮೊದಲು ಅವರ ಮನೆಗೆ ಹೋಗಿ.