ಹಿಂದೆ ಕೂರುವವರ ಹಕ್ಕು

ಬೀಡಿಯ ನಮ್ಮ ಮನೆಯಂಗಳದಲ್ಲಿ ಮೂರು ವಾರಗಳಿಂದ ಒಂದು ಹಳೆಯ ಹೀರೋ ಹೋಂಡಾ ಸ್ಪ್ಲೆಂಡರ್ ಬಿಚ್ಚಿಕೊಂಡು ಬಿದ್ದಿದೆ. ಟ್ಯಾಂಕು ಗೋಣಿಚೀಲದ ಮೇಲೆ, ಸೀಟು ಗೋಡೆಗೆ ಒರಗಿಸಿ, ನಟ್ಟು ಬೋಲ್ಟುಗಳೆಲ್ಲ ಒಂದು ಎಣ್ಣೆ ಡಬ್ಬಿಯಲ್ಲಿ. ಅಣ್ಣನ ಮಗ ಬೆಳಗಾವಿಯ ಉದ್ಯಮಬಾಗದಲ್ಲಿ ಲೇಥ್ ಕೆಲಸ ಕಲಿಯುತ್ತಿದ್ದಾನೆ. ರವಿವಾರ ಊರಿಗೆ ಬಂದಾಗಲೆಲ್ಲ ಈ ಗಾಡಿಯನ್ನು ‘ಕೆಫೆ ರೇಸರ್’ ಮಾಡುವುದೇ ಅವನ ಕೆಲಸ. ಎತ್ತರದ ಹ್ಯಾಂಡಲ್ ತೆಗೆದಿದ್ದಾನೆ. ಅದರ ಬದಲು ಮುಂದಿನ ಫೋರ್ಕಿಗೇ ಬಿಗಿಯುವ ಎರಡು ಗಿಡ್ಡ ಹಿಡಿಗಳನ್ನು ಲೇಥಿನಲ್ಲಿ ತಾನೇ ತಯಾರಿಸಿ ತಂದಿದ್ದಾನೆ. ಕಾಲಿಡುವ ರಾಡು ಹಿಂದಕ್ಕೆ ಸರಿದಿದೆ, ಸಾರಿ ಗಾರ್ಡ್ ಗುಜರಿಗೆ ಹೋಗಿದೆ. ಉಳಿದದ್ದು ಒಂದೇ. ಹಿಂದಿನ ಶಾಕ್ ಅಬ್ಸಾರ್ಬರ್ ಕೂರುವ ಜಾಗದಿಂದಾಚೆ ಚಾಸಿಯನ್ನು ಕತ್ತರಿಸಿ, ಬಾಗಿಸಿದ ಪೈಪೊಂದನ್ನು ವೆಲ್ಡ್ ಮಾಡಿ, ಅದರ ಮೇಲೆ ಒಬ್ಬನೇ ಕೂರುವ, ಹಿಂದೆ ಗೂನಿರುವ ಸೀಟನ್ನು ಇಡುವುದು. ಕತ್ತರಿಸಬೇಕಾದಲ್ಲಿ ಸೀಮೆಸುಣ್ಣದ ಗೆರೆಯನ್ನೂ ಎಳೆದಿದ್ದ.

ಅಕ್ಕಿ ಆರಿಸುತ್ತ ಕೂತಿದ್ದ ನಮ್ಮ ಅಮ್ಮಿ ಅದನ್ನು ನೋಡಿ ಮೊಮ್ಮಗನನ್ನು ಕೇಳಿದರು: “ಮೈ ಕಾಂ ಬೈಠ್ನಾ ರೇ?” ನಾನೆಲ್ಲಿ ಕೂರಲಿ?

ಎಲ್ಲರೂ ನಕ್ಕೆವು. ಹುಡುಗ ಮಾತ್ರ ನಗಲಿಲ್ಲ. “ಚಾಚಾ, ಅಬ್ಬಾ ಗಾಡಿಯನ್ನು ನನಗೆ ಕೊಟ್ಟಾಗಿದೆ. ಕಾಗದದಲ್ಲಿ ಹೆಸರೂ ನನ್ನದೇ. ಇನ್ನು ಯಾರನ್ನು ಕೇಳಬೇಕು?” ಎಂದ. ಅವನ ಮಾತಿನಲ್ಲಿ ತಪ್ಪೇನಿದೆ ಎಂದು ಹುಡುಕುತ್ತ ಹೋದದ್ದೇ ಈ ಬರಹವಾಯಿತು.

ಮೊದಲು ಹುಡುಗನ ಪಕ್ಷ. ಕೈಯಾರೆ ಒಂದು ವಸ್ತುವನ್ನು ಬಿಚ್ಚಿ ಕಟ್ಟುವ ಸುಖವನ್ನು ಹೀಯಾಳಿಸುವುದು ನಮ್ಮಿಂದಾಗದು. ಕೆಟ್ಟದ್ದನ್ನು ಎಸೆದು, ಕಂತಿನ ಮೇಲೆ ಹೊಸದನ್ನು ತರುವ ಈ ಕಾಲದಲ್ಲಿ ಕಾರ್ಬ್ಯುರೇಟರಿನ ಜೆಟ್ಟನ್ನು ತಾನೇ ಬಿಚ್ಚಿ ಊದಿ ಸ್ವಚ್ಛ ಮಾಡುವ ಹುಡುಗ ದಾರಿ ತಪ್ಪಿದವನಲ್ಲ. ಕೆಫೆ ರೇಸರ್ ಹುಟ್ಟಿದ್ದೂ ಇಂಥ ಹುಡುಗರ ಕೈಯಲ್ಲೇ. ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ 1938ರಲ್ಲಿ ಏಸ್ ಕೆಫೆ ಎಂಬ ಚಹಾದಂಗಡಿ ಶುರುವಾಯಿತು. ಮಹಾಯುದ್ಧದ ನಂತರ, ಮೊದಲ ಬಾರಿಗೆ ಸ್ವಂತ ಸಂಬಳ ಕಂಡ ಕಾರ್ಮಿಕರ ಮಕ್ಕಳು ಅಲ್ಲಿ ಸೇರತೊಡಗಿದರು. ನಾರ್ಟನ್ ಚಾಸಿಗೆ ಟ್ರಯಂಫ್ ಎಂಜಿನ್ ಕೂರಿಸಿ ‘ಟ್ರೈಟನ್’ ಮಾಡಿದರು. ಗಂಟೆಗೆ ನೂರು ಮೈಲು ಮುಟ್ಟುವುದು ಅವರ ಹಟ. ಮೈದಾನದ ರೇಸಿನ ಗಾಡಿಯಂತೆ ಕಾಣಲೆಂದು ಬೇಡದ್ದನ್ನೆಲ್ಲ ಕಿತ್ತರು. ರೇಸಿನ ಗಾಡಿಯಲ್ಲಿ ಹಿಂದೆ ಯಾರೂ ಕೂರುವುದಿಲ್ಲವಲ್ಲ! 1965ರಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿಯೇ ಅಂಥದೊಂದು 250 ಸಿಸಿ ಗಾಡಿಯನ್ನು ‘ಕಾಂಟಿನೆಂಟಲ್ ಜಿಟಿ’ ಎಂದು ಮಾರಿತು. ಏಸ್ ಕೆಫೆ 1969ರಲ್ಲಿ ಮುಚ್ಚಿ, 2001ರಲ್ಲಿ ಮತ್ತೆ ತೆರೆಯಿತು. ಸ್ಪ್ಲೆಂಡರ್ ಎಂಜಿನ್ನಾದರೋ 97.2 ಸಿಸಿಯದು. ಎಷ್ಟು ಕತ್ತರಿಸಿದರೂ ಅದು ನೂರು ಮೈಲು ಓಡದು. ಹುಡುಗನಿಗೂ ಇದು ಗೊತ್ತು. ಅವನಿಗೆ ಬೇಕಾದದ್ದು ವೇಗವಲ್ಲ, ಆ ರೂಪ.

ಆದರೆ ಲಂಡನ್ನಿನ ಆ ಹುಡುಗನ ಗಾಡಿ ಅವನೊಬ್ಬನದಾಗಿತ್ತು. ಖಾನಾಪುರ ತಾಲೂಕಿನ ಹಳ್ಳಿಯಲ್ಲಿ ಮನೆಗೊಂದೇ ಗಾಡಿ. ನಮ್ಮ ಸ್ಪ್ಲೆಂಡರ್ ಸಕ್ಕರೆ ಕಾಯಿಲೆಯ ಅಮ್ಮಿಯನ್ನು ನಂದಗಡದ ಮೇಲೆ ಹಾಯ್ದು ಖಾನಾಪುರದ ಆಸ್ಪತ್ರೆಗೆ ಒಯ್ದಿದೆ. ಮಕ್ಕಳನ್ನು ಮದರಸಾಕ್ಕೆ ಬಿಟ್ಟಿದೆ, ಮೇವಿನ ಹೊರೆ ಹೊತ್ತಿದೆ. ಒಂದು ಮಳೆಗಾಲದ ರಾತ್ರಿ ಎದುರು ಮನೆಯ ಕಾಕಾನಿಗೆ ಹಾವು ಕಚ್ಚಿದಾಗ, ಅವರನ್ನು ನಡುವೆ ಕೂರಿಸಿಕೊಂಡು ಹಿಂದಿನಿಂದ ಅವರ ಮಗ ಹಿಡಿದುಕೊಂಡಿದ್ದ. ಅಣ್ಣ ಗಾಡಿ ಓಡಿಸಿದ್ದ. ಕಾಕಾ ಉಳಿದರು. ಆ ಸೀಟಿನ ಹಿಂಭಾಗದಲ್ಲಿ ಕೂತವರ ಹೆಸರು ಯಾವ ಕಾಗದದಲ್ಲೂ ಇಲ್ಲ.

ಕಾನೂನಿಗೆ ಇದು ಸಲೀಸಾದ ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿ ಅಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ಇಟ್ಟಿತು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಇದಲ್ಲ, 1989ರ ಕೇಂದ್ರ ನಿಯಮಗಳಲ್ಲಿನ 123ನೇ ನಿಯಮ. ಹಿಂದೆ ಕೂರುವವರಿಗೆ ಹಿಡಿಯಲು ಕೈಹಿಡಿ ಇರಬೇಕು, ಕಾಲಿಡಲು ಆಸರೆ ಇರಬೇಕು, ಅವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಅರ್ಧ ಚಕ್ರವಾದರೂ ಮುಚ್ಚಿರಬೇಕು ಎನ್ನುತ್ತದೆ ಅದು. ಸೀರೆ ಉಟ್ಟವಳನ್ನೂ ಬುರ್ಖಾ ತೊಟ್ಟವಳನ್ನೂ ಯಾರೋ ಗುಮಾಸ್ತ ಬರೆಯುವಾಗ ನೆನೆದಿದ್ದಾನೆ. ಒಣ ಸರಕಾರಿ ಭಾಷೆಯಲ್ಲಿ ಇಷ್ಟು ಮರ್ಯಾದೆ ಸಿಕ್ಕೀತೆಂದು ನಾವು ಎಣಿಸಿರಲಿಲ್ಲ.

ಉರ್ದು ಶಾಲೆಯಲ್ಲಿ ಉಸ್ತಾದರು ಗಜಲಿನ ಪಾಠ ಮಾಡುವಾಗ ಕಾಫಿಯಾ, ರದೀಫ್ ಎಂಬ ಎರಡು ಮಾತು ಕಲಿಸಿದ್ದರು. ಕಾಫಿಯಾ ಎಂದರೆ ಪ್ರಾಸ. ಅದರ ಬೆನ್ನಿಗೆ ಬದಲಾಗದೆ ಮತ್ತೆ ಮತ್ತೆ ಬರುವ ಮಾತು ರದೀಫ್. ಅರಬಿಯಲ್ಲಿ ರದೀಫ್ ಎಂದರೆ ಸವಾರನ ಹಿಂದೆ ಕೂತವನು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಹದೀಸ್ ಓದುವಾಗ. ವಿದಾಯದ ಹಜ್ಜಿನಲ್ಲಿ ಅರಫಾದಿಂದ ಮುಝ್ದಲಿಫಾದವರೆಗೆ ಪ್ರವಾದಿ(ಸ)ಯವರ ಒಂಟೆಯ ಮೇಲೆ ಹಿಂದೆ ಕೂತಿದ್ದವರು ಉಸಾಮ(ರ). ಅವರು ಗುಲಾಮಗಿರಿಯಿಂದ ಬಿಡುಗಡೆಯಾದವರೊಬ್ಬರ ಮಗ. ಅಲ್ಲಿಂದ ಮಿನಾದ ದಾರಿಯಲ್ಲಿ ಕೂತವರು ಫಝ್ಲ್(ರ). ಇನ್ನೊಮ್ಮೆ ಮುಆದ್(ರ)ರನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದಾಗ ಪ್ರವಾದಿ(ಸ)ಯವರು ಕಲಿಸಿದ್ದು ಹಕ್ಕಿನ ಪಾಠವನ್ನೇ: ದಾಸರ ಮೇಲೆ ಅಲ್ಲಾಹನ ಹಕ್ಕೇನು, ಅಲ್ಲಾಹನ ಮೇಲೆ ದಾಸರ ಹಕ್ಕೇನು ಎಂದು. ಸವಾರಿಯ ಒಡೆಯರು ಯಾರೆಂಬ ಬಗ್ಗೆ ಅಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆದರೂ ಹಿಂದೆ ಜಾಗವಿತ್ತು.

ರದೀಫ್ ಇಲ್ಲದ ಗಜಲೂ ಉಂಟು, ಅದೂ ಗಜಲೇ. ಆದ್ದರಿಂದ ಒಂಟಿ ಸೀಟು ಗುನಾಹ್ ಎಂದು ಫತ್ವಾ ಹೊರಡಿಸಲು ನಾವು ಸಿದ್ಧರಿಲ್ಲ. ನಮ್ಮ ಅಂಜಿಕೆ ಬೇರೆ. ಒಂದು ವಸ್ತು ನನ್ನ ಹೆಸರಿಗೆ ಬಂದ ದಿನವೇ ಅದರ ಮೇಲಿನ ಉಳಿದೆಲ್ಲರ ಹಕ್ಕು ಅಳಿಸಿತೆಂದು ನಂಬುವ ಅಭ್ಯಾಸ ಗಾಡಿಯಲ್ಲಿ ನಿಲ್ಲುವುದಿಲ್ಲ. ಅಬ್ಬಾ ಬರೆದುಕೊಟ್ಟ ಹೊಲದಲ್ಲಿ ಅಕ್ಕನ ಪಾಲಿನ ಮಾತು ಬಂದಾಗಲೂ, ಕಟ್ಟಿಸಿದ ಮನೆಯಲ್ಲಿ ಅಮ್ಮಿಯ ಕೋಣೆಯ ಮಾತು ಬಂದಾಗಲೂ ನಾವು ಇದೇ ಕಾಗದವನ್ನು ತೋರಿಸಿದವರು. ಹುಡುಗ ಕಲಿತದ್ದು ನಮ್ಮಿಂದಲೇ.

ಚಾಸಿ ಕತ್ತರಿಸದೆ, ಇದ್ದ ಸೀಟಿನ ಹಿಂಭಾಗದ ಮೇಲೆ ಫೈಬರಿನ ಗೂನನ್ನು ಬೋಲ್ಟಿನಿಂದ ಬಿಗಿದು, ಬೇಕಾದಾಗ ತೆಗೆಯಬಹುದಲ್ಲ ಎಂದು ಹೇಳಿ ನೋಡಿದೆವು. “ಅದು ವೇಷ ಚಾಚಾ, ಕೆಫೆ ರೇಸರ್ ಅಲ್ಲ” ಎಂದ. ಕತೆ ಬರೆಯುವ ನಮಗೆ ಈ ಮಾತು ಅರ್ಥವಾಗದೆ ಇರಲಿಲ್ಲ.

ಆಗ ಅಮ್ಮಿ ಮೊರ ಕೆಳಗಿಟ್ಟು, “ಕತ್ತರಿಸಿಕೊಳ್ಳಲಿ ಬಿಡು, ನಾನು ಬಸ್ಸಿಗೆ ಹೋಗುತ್ತೇನೆ” ಎಂದರು. ವಿಷಯ ಇನ್ನಷ್ಟು ಕಠಿಣವಾಯಿತು. ಹಿಂದೆ ಕೂರುವವರು ಬಹುತೇಕ ಹೀಗೆಯೇ ಒಪ್ಪಿಬಿಡುತ್ತಾರೆ. ಅವರು ಒಪ್ಪಿದರೆಂದು ಹಕ್ಕು ಬಿಟ್ಟುಕೊಟ್ಟಂತಾಯಿತೆ? ಹುಡುಗ ಏನೂ ಹೇಳದೆ ಗ್ರೈಂಡರಿನ ವಾಯರ್ ಸುತ್ತಿ ಒಳಗಿಟ್ಟು, ಸಂಜೆಯ ಬಸ್ಸಿಗೆ ಬೆಳಗಾವಿಗೆ ಹೋದ. ಮುಂದಿನ ರವಿವಾರ ಬರುತ್ತಾನೆ. ಅಮ್ಮಿ ಆಸ್ಪತ್ರೆಗೆ ಹೋಗಬೇಕಾದದ್ದು ಅದರ ಮರುದಿನ.